ಹನ್ನೆರಡು ಶುಕ್ರವಾರ: ಕ್ಷಯರೋಗಿಯ ಮನೆಯವರ ಹೊಣೆ

(ಜುಮಾ ಪ್ರವಚನದ ಸಾರಾಂಶ)

ಅಲ್ಲಾಹನನ್ನು ಸ್ತುತಿಸಿ, ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸ್ವಲಾತ್ ಹೇಳಿ ಆರಂಭಿಸುತ್ತೇನೆ. ಅಲ್ಲಾಹನ ಭಯಭಕ್ತಿಯಿಂದ ಬಾಳಬೇಕೆಂದು ಮೊದಲು ನನಗೂ, ಬಳಿಕ ನಿಮಗೂ ವಸಿಯ್ಯತ್ ಮಾಡುತ್ತೇನೆ.

ಇಂದು ನಾನು ಮಾತನಾಡಲಿರುವ ವಿಷಯ ಕೆಲವರಿಗೆ ವಿಚಿತ್ರವೆನಿಸಬಹುದು. ಮಿಂಬರಿನ ಬಳಿ ನಿಂತು ಉಸ್ತಾದರು ಟಿಬಿ ಮಾತ್ರೆಯ ಬಗ್ಗೆ ಹೇಳುವುದೇಕೆ ಎಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ಈ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ. ಆ ತಪ್ಪಿನ ಫಲವನ್ನು ಅನುಭವಿಸಿದ್ದು ನಾನಲ್ಲ, ಒಂದು ಪುಟ್ಟ ಮಗು.

ಕೆಲವು ವರ್ಷಗಳ ಹಿಂದಿನ ಮಾತು. ಆಗ ನಾನು ಬೇರೊಂದು ಊರಿನ ಮಸೀದಿಯಲ್ಲಿದ್ದೆ. ಮಗ್ರಿಬ್ ಮುಗಿಸಿ ಕುಳಿತಿದ್ದಾಗ ಜಮಾಅತಿನ ಒಬ್ಬರು ಬಂದರು. ಅವರ ತಂದೆಗೆ ಕ್ಷಯ ಇದೆಯೆಂದು ಗೊತ್ತಾಗಿ ಒಂದು ವಾರವಾಗಿತ್ತು. ಆಸ್ಪತ್ರೆಯಲ್ಲಿ ಔಷಧಿ ಆರಂಭಿಸಿದ್ದರು. ಆಶಾ ಕಾರ್ಯಕರ್ತೆ ಮನೆಗೆ ಬಂದು, ಮೂರು ವರ್ಷದ ಮೊಮ್ಮಗನಿಗೂ ಆರು ತಿಂಗಳು ದಿನಕ್ಕೊಂದರಂತೆ ಮಾತ್ರೆ ಕೊಡಬೇಕು ಎಂದು ಹೇಳಿ ಹೋಗಿದ್ದಳು. ಅವರು ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ನನ್ನ ಮುಂದಿಟ್ಟರು. "ಉಸ್ತಾದ್, ಮಗು ಆಡಿಕೊಂಡಿದೆ. ಜ್ವರ ಇಲ್ಲ, ಕೆಮ್ಮು ಇಲ್ಲ. ಇಲ್ಲದ ಕಾಯಿಲೆಗೆ ಯಾಕೆ ಈ ಮಾತ್ರೆ? ನೀವೇನು ಹೇಳುತ್ತೀರಿ?"

ನಾನು ವೈದ್ಯನಲ್ಲ. ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಎಂದು ಹೇಳಬೇಕಿತ್ತು. ಹಾಗೆ ಹೇಳಲಿಲ್ಲ. "ಆರೋಗ್ಯವಂತ ಮಗುವಿಗೆ ಮಾತ್ರೆ ಯಾಕೆ? ಅಲ್ಲಾಹನಲ್ಲಿ ತವಕ್ಕುಲ್ ಇಡಿ, ದುಆ ಮಾಡೋಣ" ಎಂದೆ. ಅವರು ನೆಮ್ಮದಿಯಿಂದ ಎದ್ದು ಹೋದರು. ಮಾತ್ರೆಯ ಪಟ್ಟಿ ಮನೆಯ ಕಪಾಟು ಸೇರಿತು.

ನಾಲ್ಕು ತಿಂಗಳಾಗುವಷ್ಟರಲ್ಲಿ ಆ ಮಗುವಿಗೆ ಜ್ವರ ಬಂತು. ವಾಂತಿ, ಮಂಪರು, ಕೊನೆಗೆ ಫಿಟ್ಸ್. ಕ್ಷಯದ ರೋಗಾಣು ಮಿದುಳಿನ ಪೊರೆಗೆ ತಲುಪಿತ್ತು. ಅಜ್ಜ ಆರು ತಿಂಗಳಲ್ಲಿ ಗುಣಮುಖರಾದರು. ಮೊಮ್ಮಗನ ಚಿಕಿತ್ಸೆ ವರ್ಷ ಹಿಡಿಯಿತು. ಅಲ್ಲಾಹನ ಕರುಣೆಯಿಂದ ಅವನು ಬದುಕಿದ್ದಾನೆ, ಆದರೆ ಒಂದು ಕಿವಿ ಕೇಳಿಸುವುದಿಲ್ಲ. ಆ ಮನೆಯವರು ನನ್ನನ್ನು ಒಮ್ಮೆಯೂ ದೂರಲಿಲ್ಲ. ಅವರ ಅನುಮತಿ ಪಡೆದು, ಹೆಸರು, ಊರು ಹೇಳದೆ ಇದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇನ್ನೊಂದು ಮನೆಯಲ್ಲಿ ಇನ್ನೊಂದು ಮಾತ್ರೆಯ ಪಟ್ಟಿ ಕಪಾಟು ಸೇರಬಾರದು ಎಂಬುದಷ್ಟೇ ನನ್ನ ಉದ್ದೇಶ.

ಆ ಘಟನೆಯ ನಂತರ ನಾನು ಡಾಕ್ಟರುಗಳನ್ನು ಕೇಳಿದೆ, ಓದಿದೆ. ತಿಳಿದುಕೊಂಡದ್ದನ್ನು ಸರಳವಾಗಿ ಹೇಳುತ್ತೇನೆ.

ಕ್ಷಯಕ್ಕೆ ಕಾರಣ ಒಂದು ರೋಗಾಣು. 1882ರ ಮಾರ್ಚ್ 24ರಂದು ರಾಬರ್ಟ್ ಕೋಖ್ ಎಂಬ ಜರ್ಮನ್ ವೈದ್ಯರು ಅದನ್ನು ಜಗತ್ತಿಗೆ ತೋರಿಸಿಕೊಟ್ಟರು. ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ ಅದು ಗಾಳಿಗೆ ಸೇರುತ್ತದೆ. ಅದೇ ಕೋಣೆಯಲ್ಲಿ ದಿನಗಟ್ಟಲೆ, ವಾರಗಟ್ಟಲೆ ಉಸಿರಾಡುವವರ ಎದೆ ಸೇರುತ್ತದೆ. ತಟ್ಟೆ, ಲೋಟ, ಬಟ್ಟೆಯಿಂದ ಬರುವ ಕಾಯಿಲೆ ಇದಲ್ಲ. ಕೈ ಕುಲುಕಿದರೆ ಬರುವುದಿಲ್ಲ. ಇದು ವಂಶಪಾರಂಪರ್ಯದ ಕಾಯಿಲೆಯೂ ಅಲ್ಲ. ಒಂದೇ ಮನೆಯಲ್ಲಿ ತಂದೆಗೆ, ಮಗನಿಗೆ, ಸೊಸೆಗೆ ಬರುವುದು ರಕ್ತದಿಂದಲ್ಲ, ಮನೆಯೊಳಗಿನ ಗಾಳಿಯಿಂದ.

ರೋಗಾಣು ಎದೆ ಸೇರಿದ ಎಲ್ಲರಿಗೂ ಕಾಯಿಲೆ ಬರುವುದಿಲ್ಲ ಎಂಬುದನ್ನೂ ಅರ್ಥಮಾಡಿಕೊಳ್ಳಬೇಕು. ಹೆಚ್ಚಿನವರ ದೇಹದಲ್ಲಿ ಅದು ಮಲಗಿಬಿಡುತ್ತದೆ. ಜಗತ್ತಿನ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೀಗೆ ಸೋಂಕು ತಗಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸೋಂಕು ತಗಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಎದ್ದು ಬರುತ್ತದೆ. ಅದರಲ್ಲೂ ಮೊದಲ ಎರಡು ವರ್ಷ ಹೆಚ್ಚು ಅಪಾಯದ ಕಾಲ. ಐದು ವರ್ಷದೊಳಗಿನ ಮಕ್ಕಳು, ಸರಿಯಾದ ಊಟವಿಲ್ಲದವರು, ಸಕ್ಕರೆ ಕಾಯಿಲೆಯವರು, ಎಚ್‌ಐವಿ ಇರುವವರು, ಬೀಡಿ ಸಿಗರೇಟು ಸೇದುವವರು, ಇವರಿಗೆಲ್ಲ ಅಪಾಯ ಇನ್ನೂ ಹೆಚ್ಚು. ಹುಟ್ಟಿದಾಗ ಹಾಕಿಸುವ ಬಿಸಿಜಿ ಚುಚ್ಚುಮದ್ದು ಮಕ್ಕಳಲ್ಲಿ ಕಾಯಿಲೆ ಉಲ್ಬಣಿಸುವುದನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಪೂರ್ತಿ ರಕ್ಷಣೆ ಕೊಡುವುದಿಲ್ಲ.

ಮಲಗಿರುವ ರೋಗಾಣು ಏಳುವ ಮುಂಚೆಯೇ ಅದನ್ನು ಕೊಲ್ಲಲು ಕೊಡುವುದೇ ಮುಂಜಾಗ್ರತೆಯ ಮಾತ್ರೆ. ಮಗು ಆಡಿಕೊಂಡಿರುವಾಗಲೇ ಅದನ್ನು ಕೊಡಬೇಕು. ಮಗು ಆಟ ನಿಲ್ಲಿಸಿ ಮಲಗಿದ ಮೇಲೆ ಮುಂಜಾಗ್ರತೆಯ ಕಾಲ ಮುಗಿದಿರುತ್ತದೆ. "ಇಲ್ಲದ ಕಾಯಿಲೆಗೆ ಯಾಕೆ" ಎಂದು ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಇದು ಹೊಸ ಪ್ರಯೋಗವೂ ಅಲ್ಲ. 1950ರ ದಶಕದಲ್ಲಿ ಅಮೆರಿಕದ ಅಲಾಸ್ಕಾದ ಹಳ್ಳಿಗಳಲ್ಲಿ ಕ್ಷಯ ಮನೆಮನೆಯನ್ನೂ ಹೊಕ್ಕಿತ್ತು. ಅಲ್ಲಿ ಜಾರ್ಜ್ ಕಾಮ್‌ಸ್ಟಾಕ್ ಎಂಬ ವೈದ್ಯರು ಐಸೋನಿಯಾಜಿಡ್ ಎಂಬ ಮಾತ್ರೆಯನ್ನು ಇಡೀ ಕುಟುಂಬಗಳಿಗೆ ಕೊಟ್ಟು ಪರೀಕ್ಷಿಸಿದರು. ಮಾತ್ರೆ ನುಂಗಿದವರಲ್ಲಿ ಕಾಯಿಲೆ ಅರ್ಧಕ್ಕಿಂತಲೂ ಕಡಿಮೆಯಾಯಿತು. ಹತ್ತೊಂಬತ್ತು ವರ್ಷಗಳ ನಂತರ ನೋಡಿದಾಗಲೂ ಅದರ ಪ್ರಯೋಜನ ಉಳಿದಿತ್ತು. ಜನರಿಗೆ ಧೈರ್ಯ ಬರಲೆಂದು ಆ ವೈದ್ಯರು ತಾವೂ, ತಮ್ಮ ಮನೆಯವರೂ ಅದೇ ಮಾತ್ರೆ ನುಂಗಿದರು. ಬೇರೆಯವರಿಗೆ ಹೇಳುವುದನ್ನು ಮೊದಲು ತನ್ನ ಮನೆಯಲ್ಲಿ ಮಾಡಿ ತೋರಿಸುವುದು ನಮ್ಮ ಪ್ರವಾದಿವರ್ಯರ(ಸ) ಚರ್ಯೆಯಲ್ಲವೇ?

ನಮ್ಮ ದೇಶದಲ್ಲಿ ಹಿಂದೆ ರೋಗಿಯ ಮನೆಯ ಚಿಕ್ಕ ಮಕ್ಕಳಿಗೆ ಮತ್ತು ಎಚ್‌ಐವಿ ಇರುವವರಿಗೆ ಮಾತ್ರ ಇದನ್ನು ಕೊಡುತ್ತಿದ್ದರು. 2021ರಲ್ಲಿ ಕೇಂದ್ರ ಸರಕಾರ ಹೊಸ ಮಾರ್ಗಸೂಚಿ ಹೊರಡಿಸಿತು. ಅದರಂತೆ ಕಫ ಪರೀಕ್ಷೆಯಲ್ಲಿ ಶ್ವಾಸಕೋಶದ ಕ್ಷಯ ದೃಢಪಟ್ಟ ರೋಗಿಯ ಮನೆಯಲ್ಲಿರುವ ಎಲ್ಲ ವಯಸ್ಸಿನವರನ್ನೂ ತಪಾಸಣೆ ಮಾಡಬೇಕು. ಕಾಯಿಲೆ ಇಲ್ಲವೆಂದು ಖಚಿತವಾದವರಿಗೆ ಮುಂಜಾಗ್ರತೆಯ ಮಾತ್ರೆ ಕೊಡಬೇಕು. ಇದು ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಮಾತ್ರೆ ಇದೆ, ಕೊಡುವವರಿದ್ದಾರೆ. ತೆಗೆದುಕೊಳ್ಳುವವರು ಹಿಂಜರಿಯುತ್ತಿದ್ದಾರೆ. ನಮ್ಮಲ್ಲಿ ಆ ಹಿಂಜರಿಕೆಗೆ ಮೂರು ಕಾರಣಗಳಿವೆ. ಒಂದೊಂದಾಗಿ ನೋಡೋಣ.

ಮೊದಲನೆಯದು, ನಾನೇ ಹೇಳಿದ ತವಕ್ಕುಲ್‌ನ ಮಾತು.

ಒಂಟೆಯನ್ನು ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿವರ್ಯರು(ಸ) ಏನು ಕಲಿಸಿದರೆಂಬುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಮೊದಲು ಕಟ್ಟಬೇಕು, ಆಮೇಲೆ ಭರವಸೆ. ತಿರ್ಮಿದಿಯಲ್ಲಿ ಬರುವ ಈ ಹದೀಸನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೆ. ಆ ದಿನ ಮಗುವಿನ ವಿಷಯದಲ್ಲಿ ಮಾತ್ರ ಮರೆತೆ. ಅಲ್ಲಾಹನು ಇಳಿಸಿದ ಪ್ರತಿ ಕಾಯಿಲೆಗೂ ಮದ್ದನ್ನು ಇಳಿಸಿದ್ದಾನೆ ಎಂಬ ಅರ್ಥದ ಹದೀಸ್ ಬುಖಾರಿಯಲ್ಲಿದೆ. ಮದ್ದು ಕಾಯಿಲೆಗಿಂತ ಮೊದಲೇ ಕೈಗೆ ಸಿಕ್ಕರೆ ಅದೂ ಅವನ ಅನುಗ್ರಹವೇ.

ಖಲೀಫಾ ಉಮರ್(ರ)ರವರ ಘಟನೆ ನೆನಪಿಸಿಕೊಳ್ಳಿ. ಹಿಜರಿ 18ರ ಆಸುಪಾಸಿನಲ್ಲಿ ಸಿರಿಯಾ ಕಡೆ ಹೊರಟಿದ್ದಾಗ ಸರ್ಗ್ ಎಂಬಲ್ಲಿ ಅವರಿಗೆ ಪ್ಲೇಗಿನ ಸುದ್ದಿ ತಲುಪಿತು. ಅವರು ಮುಹಾಜಿರ್‌ಗಳನ್ನೂ ಅನ್ಸಾರ್‌ಗಳನ್ನೂ ಹಿರಿಯರನ್ನೂ ಕರೆದು ಸಮಾಲೋಚಿಸಿ, ಮರಳುವ ತೀರ್ಮಾನ ಮಾಡಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಅಬೂ ಉಬೈದಾ(ರ) ಕೇಳಿದರು. ಹೌದು, ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರವರ ಉತ್ತರದ ಸಾರ. ಒಣಗಿದ ಬಯಲು, ಹಸಿರು ಬಯಲು ಎರಡೂ ಇದ್ದರೆ ಒಂಟೆಯನ್ನು ಹಸಿರಿನ ಕಡೆ ಮೇಯಿಸುವವನೂ ವಿಧಿಯ ಒಳಗೇ ಇರುತ್ತಾನೆ ಎಂದು ಅವರು ವಿವರಿಸಿದರು. ಸಹೋದರರೇ, ಕಾಯಿಲೆ ವಿಧಿಯಾದರೆ ಮಾತ್ರೆಯೂ ವಿಧಿಯೇ. ಮಾತ್ರೆಯ ಪಟ್ಟಿ ನಿಮ್ಮ ಮನೆ ಬಾಗಿಲಿಗೆ ಬಂದದ್ದು ಯಾರ ಅಪ್ಪಣೆಯಿಂದ?

ಎರಡನೆಯದು, ಇಸ್ಲಾಮಿನಲ್ಲಿ ಸೋಂಕು ಎಂಬುದೇ ಇಲ್ಲವಲ್ಲ ಎಂಬ ವಾದ.

ಹಾಗೆ ತೋರುವ ಒಂದು ಹದೀಸ್ ಇದೆ, ನಿಜ. ಆದರೆ ಕಾಯಿಲೆ ಬಿದ್ದ ಒಂಟೆಗಳನ್ನು ಆರೋಗ್ಯವಾಗಿರುವ ಒಂಟೆಗಳ ಬಳಿಗೆ ತರಬಾರದೆಂದು ತಡೆದ ಹದೀಸೂ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಇವೆರಡನ್ನೂ ಇಮಾಮ್ ನವವಿ ಮೊದಲಾದ ವಿದ್ವಾಂಸರು ಜೊತೆಗಿಟ್ಟು ವಿವರಿಸಿದ್ದಾರೆ. ಅಲ್ಲಾಹನ ಅಪ್ಪಣೆಯೇ ಇಲ್ಲದೆ ಕಾಯಿಲೆ ತನ್ನ ಸ್ವಂತ ಬಲದಿಂದ ಹರಡುತ್ತದೆ ಎಂಬುದು ಅಜ್ಞಾನಕಾಲದ ನಂಬಿಕೆಯಾಗಿತ್ತು. ಮೊದಲ ಹದೀಸ್ ಅದನ್ನು ಅಲ್ಲಗಳೆಯುತ್ತದೆ. ಎರಡನೆಯದು ಅಲ್ಲಾಹನು ಈ ಲೋಕದಲ್ಲಿ ಇಟ್ಟಿರುವ ಕಾರ್ಯಕಾರಣವನ್ನು ಕಡೆಗಣಿಸಬೇಡಿ ಎಂದು ಎಚ್ಚರಿಸುತ್ತದೆ. ಬೆಂಕಿ ಅವನ ಅಪ್ಪಣೆಯಿಂದಲೇ ಸುಡುತ್ತದೆ. ಹಾಗೆಂದು ಯಾರೂ ಮಗುವನ್ನು ಒಲೆಯ ಬಳಿ ಬಿಡುವುದಿಲ್ಲ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ನಾಚಿಕೆ ಮತ್ತು ಭಯ.

ಮನೆಯಲ್ಲಿ ಟಿಬಿ ಇದೆ ಎಂದು ತಿಳಿದರೆ ಮಗಳಿಗೆ ಸಂಬಂಧ ಬರುವುದಿಲ್ಲ. ಬಂದ ಸಂಬಂಧ ಮುರಿಯುತ್ತದೆ. ಬಾಡಿಗೆ ಮನೆಯವರು ಬಿಡಿಸುತ್ತಾರೆ. ಗಲ್ಫಿಗೆ ಹೊರಟ ಹುಡುಗನ ಮೆಡಿಕಲ್ ಏನಾಗುತ್ತದೋ ಎಂಬ ಆತಂಕ. ಆದ್ದರಿಂದ ಔಷಧಿಯನ್ನು ಮುಚ್ಚಿಟ್ಟು ನುಂಗುತ್ತಾರೆ. ಆಶಾ ಕಾರ್ಯಕರ್ತೆ ಬಂದರೆ "ಮನೆಯಲ್ಲಿ ನಾವಿಬ್ಬರೇ" ಎನ್ನುತ್ತಾರೆ. ಒಳಗೆ ಏಳು ಜನ ಇರುತ್ತಾರೆ.

ಹೀಗೆ ಸುಳ್ಳು ಹೇಳುವವರನ್ನು ಬೈಯುವ ಮೊದಲು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಅವರು ಯಾರಿಗೆ ಹೆದರಿ ಬಚ್ಚಿಡುತ್ತಿದ್ದಾರೆ? ನಮಗೆ ಹೆದರಿ. ಮದುವೆ ಮಾತುಕತೆಯಲ್ಲಿ ಕಿವಿಯಲ್ಲಿ ಪಿಸುಗುಡುವವರು ನಾವು. ರೋಗಿಯ ಮನೆಯ ಚಹಾ ಕುಡಿಯದೆ ಎದ್ದು ಬರುವವರು ನಾವು. ಆ ಪಿಸುಮಾತು ಗೀಬತ್. ಅದು ಎಷ್ಟು ಅಸಹ್ಯವಾದ ಪಾಪ ಎಂಬುದನ್ನು ಅಲ್-ಹುಜುರಾತ್ ಅಧ್ಯಾಯದಲ್ಲಿ ಅಲ್ಲಾಹನು ವಿವರಿಸಿರುವ ರೀತಿ ಓದಿದರೆ ಮೈ ನಡುಗುತ್ತದೆ. ಅದರ ಪರಿಣಾಮ ರೋಗಿಯ ಮನಸ್ಸಿಗೆ ನೋವಾಗುವುದಕ್ಕೆ ಮುಗಿಯುವುದಿಲ್ಲ. ಆ ಮನೆಯ ಮಗುವಿಗೆ ಸಿಗಬೇಕಾದ ಮಾತ್ರೆಯೂ ಸಿಗದಂತಾಗುತ್ತದೆ.

ಗಲ್ಫ್ ಮೆಡಿಕಲ್‌ಗೆ ಹೆದರುವ ಯುವಕರಿಗೆ ಒಂದು ಮಾತು. ಎದೆಯ ಎಕ್ಸ್‌ರೇಯಲ್ಲಿ ಕಲೆ ಬಿಡುವುದು ಕಾಯಿಲೆ. ಮುಂಜಾಗ್ರತೆಯ ಮಾತ್ರೆ ಯಾವ ಕಲೆಯನ್ನೂ ಬಿಡುವುದಿಲ್ಲ. ನಾಳೆಯ ಮೆಡಿಕಲ್ ಬಗ್ಗೆ ನಿಜವಾಗಿ ಚಿಂತೆ ಇರುವವನು ಇಂದು ಮಾತ್ರೆ ತಪ್ಪಿಸಿಕೊಳ್ಳಬಾರದು.

ಇನ್ನು ಕೆಲವರು ರೋಗಿಯನ್ನೇ ಮನೆಯಿಂದ ದೂರ ಕಳಿಸಿದರೆ ಎಲ್ಲರೂ ಸುರಕ್ಷಿತ ಎಂದುಕೊಳ್ಳುತ್ತಾರೆ. ಸೊಸೆಗೆ ಕಾಯಿಲೆ ಎಂದರೆ ತವರಿಗೆ ಕಳಿಸುತ್ತಾರೆ. ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಅರುವತ್ತು ವರ್ಷಕ್ಕೂ ಹಿಂದೆ ಸಿಕ್ಕಿದೆ. 1956ರಲ್ಲಿ ಮದ್ರಾಸಿನಲ್ಲಿ ಒಂದು ಕ್ಷಯ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಇಕ್ಕಟ್ಟಿನ ಮನೆಗಳಲ್ಲಿದ್ದ ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಟೋರಿಯಂನಲ್ಲಿಟ್ಟು, ಕೆಲವರಿಗೆ ಮನೆಯಲ್ಲೇ ಔಷಧಿ ಕೊಟ್ಟು ಹೋಲಿಸಿ ನೋಡಿದರು. ಮನೆಯಲ್ಲಿದ್ದವರೂ ಬಹುತೇಕ ಅಷ್ಟೇ ಚೆನ್ನಾಗಿ ಗುಣವಾದರು. ಅವರ ಜೊತೆ ವಾಸಿಸಿದವರಿಗೆ ಅದರಿಂದ ಹೆಚ್ಚಿನ ಅಪಾಯವೂ ಆಗಲಿಲ್ಲ. ಏಕೆಂದರೆ ಸರಿಯಾದ ಔಷಧಿ ಆರಂಭವಾದ ಮೇಲೆ ಕೆಲವೇ ವಾರಗಳಲ್ಲಿ ರೋಗಿಯಿಂದ ಸೋಂಕು ಹರಡುವುದು ಬಹಳ ಕಡಿಮೆಯಾಗುತ್ತದೆ. ಮನೆಯವರಿಗೆ ಸೋಂಕು ತಗಲುವುದು ಬಹುಮಟ್ಟಿಗೆ ಅದಕ್ಕೂ ಮೊದಲೇ, ಕಾಯಿಲೆ ಇದೆಯೆಂದು ಗೊತ್ತಿಲ್ಲದೆ ಕೆಮ್ಮಿದ ತಿಂಗಳುಗಳಲ್ಲಿ.

ಇದರಿಂದ ಎರಡು ಪಾಠ ಕಲಿಯಬೇಕು. ಒಂದು, ಔಷಧಿ ತೆಗೆದುಕೊಳ್ಳುತ್ತಿರುವ ರೋಗಿಯನ್ನು ಹೊರಗೆ ಹಾಕುವುದು ಅನ್ಯಾಯ, ಅದರಿಂದ ಲಾಭವೂ ಇಲ್ಲ. ಎರಡು, ರೋಗಾಣು ಈಗಾಗಲೇ ಮನೆಯವರ ಎದೆ ಸೇರಿರಬಹುದು, ಆದ್ದರಿಂದ ತಪಾಸಣೆ ಮತ್ತು ಮಾತ್ರೆ ಬೇಕಾಗಿರುವುದು ಜೊತೆಯಲ್ಲಿರುವವರಿಗೆ. ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ರೋಗಿಯನ್ನು ದೂರ ಇಡುತ್ತೇವೆ, ಮಾತ್ರೆಯನ್ನೂ ದೂರ ಇಡುತ್ತೇವೆ.

ಈಗ ಏನು ಮಾಡಬೇಕೆಂಬುದನ್ನು ಹೇಳುತ್ತೇನೆ. ಗಮನವಿಟ್ಟು ಕೇಳಿ, ಮನೆಗೆ ಹೋಗಿ ಹೆಂಗಸರಿಗೂ ತಿಳಿಸಿ. ಮಾತ್ರೆಯ ಲೆಕ್ಕ ಇಡುವವರು ಬಹುತೇಕ ಅವರೇ.

ಮನೆಯಲ್ಲಿ ಒಬ್ಬರಿಗೆ ಕ್ಷಯ ಎಂದು ತಿಳಿದ ದಿನವೇ ಆ ಸೂರಿನಡಿ ಮಲಗುವ ಎಲ್ಲರ ಹೆಸರನ್ನೂ ಆರೋಗ್ಯ ಕಾರ್ಯಕರ್ತರಿಗೆ ಬರೆಸಿ. ಕೆಲಸಕ್ಕಾಗಿ ಮನೆಯಲ್ಲಿರುವ ಹುಡುಗಿಯನ್ನು ಬಿಡಬೇಡಿ. ಬಾಣಂತನಕ್ಕೆ ಬಂದು ಹೋದ ಮಗಳನ್ನು, ಅವಳ ಕೂಸನ್ನು ಬಿಡಬೇಡಿ. ರಜೆಗೆ ಬಂದು ಎರಡು ತಿಂಗಳಿದ್ದು ಗಲ್ಫಿಗೆ ಮರಳಿದ ಮಗನಿಗೂ ಫೋನ್ ಮಾಡಿ ತಪಾಸಣೆ ಮಾಡಿಸಿಕೊಳ್ಳಲು ಹೇಳಿ.

ನಂತರ ಎಲ್ಲರ ತಪಾಸಣೆ. ಎರಡು ವಾರ ಮೀರಿದ ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಇವುಗಳಲ್ಲಿ ಒಂದಿದ್ದರೂ ಮರೆಮಾಚದೆ ಹೇಳಿ. ಮಕ್ಕಳಲ್ಲಿ ತೂಕ ಏರದಿರುವುದು, ಆಟದಲ್ಲಿ ಉತ್ಸಾಹವಿಲ್ಲದಿರುವುದೂ ಲಕ್ಷಣಗಳೇ. ಅಗತ್ಯವಿದ್ದರೆ ಎಕ್ಸ್‌ರೇ, ಕಫ, ರಕ್ತ ಅಥವಾ ಚರ್ಮದ ಪರೀಕ್ಷೆ ಮಾಡುತ್ತಾರೆ. ಈ ಹಂತವನ್ನು ಹಾರಿಸಬಾರದು. ಕಾಯಿಲೆ ಈಗಾಗಲೇ ಇರುವವನಿಗೆ ಮುಂಜಾಗ್ರತೆಯ ಮಾತ್ರೆ ಸಾಲದು. ಅಷ್ಟನ್ನೇ ಕೊಟ್ಟರೆ ರೋಗಾಣು ಔಷಧಿಗೆ ಜಗ್ಗದಂತಾಗುವ ಅಪಾಯವಿದೆ. ಆದ್ದರಿಂದ ಪಕ್ಕದ ಮನೆಯವರ ಮಾತ್ರೆಯನ್ನು ತಂದು ನುಂಗುವುದು, ಅಂಗಡಿಯಿಂದ ತಾವೇ ಕೊಂಡು ನುಂಗುವುದು ಬೇಡವೇ ಬೇಡ. ರೋಗಿಯದು ಔಷಧಿಗೆ ಜಗ್ಗದ ಬಗೆಯ ಕ್ಷಯವಾಗಿದ್ದರೆ ಮನೆಯವರಿಗೆ ಏನು ಕೊಡಬೇಕೆಂಬುದೂ ಬೇರೆ, ಅದನ್ನು ಡಾಕ್ಟರೇ ನಿರ್ಧರಿಸಬೇಕು.

ಕಾಯಿಲೆ ಇಲ್ಲವೆಂದು ಖಚಿತವಾದವರಿಗೆ ಮಾತ್ರೆ. ಒಂದು ಕ್ರಮದಲ್ಲಿ ಐಸೋನಿಯಾಜಿಡ್ ಮಾತ್ರೆಯನ್ನು ಆರು ತಿಂಗಳು ದಿನವೂ ನುಂಗಬೇಕು. ಇನ್ನೊಂದರಲ್ಲಿ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್ ಎರಡನ್ನೂ ವಾರಕ್ಕೊಮ್ಮೆಯಂತೆ ಮೂರು ತಿಂಗಳು, ಒಟ್ಟು ಹನ್ನೆರಡು ಸಲ ನುಂಗಿದರೆ ಮುಗಿಯಿತು. ಇದು ಎರಡು ವರ್ಷ ದಾಟಿದವರಿಗೆ. ಯಾರಿಗೆ ಯಾವುದು ಸರಿ ಎಂದು ಡಾಕ್ಟರು ಹೇಳುತ್ತಾರೆ. ಗರ್ಭಿಣಿಯರು ಮೊದಲೇ ತಿಳಿಸಬೇಕು. ಪಿತ್ತಜನಕಾಂಗದ ತೊಂದರೆ ಇರುವವರು, ಬೇರೆ ಔಷಧಿ ತೆಗೆದುಕೊಳ್ಳುವವರೂ ತಿಳಿಸಬೇಕು. ಸಂತಾನ ನಿಯಂತ್ರಣದ ಮಾತ್ರೆ ನುಂಗುವ ಸಹೋದರಿಯರೂ ಹೇಳಬೇಕು, ರಿಫಾಪೆಂಟಿನ್‌ನಿಂದ ಅದರ ಪರಿಣಾಮ ತಗ್ಗುತ್ತದೆ.

ಅಡ್ಡಪರಿಣಾಮ ಇಲ್ಲವೆಂದು ನಾನು ಹೇಳುವುದಿಲ್ಲ. ರಿಫಾಪೆಂಟಿನ್ ನುಂಗಿದಾಗ ಮೂತ್ರ ಕೇಸರಿ ಬಣ್ಣಕ್ಕೆ ತಿರುಗಬಹುದು. ಅದಕ್ಕೆ ಹೆದರಬೇಕಿಲ್ಲ. ಆದರೆ ಊಟ ಸೇರದಿರುವುದು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಕೈಕಾಲು ಜುಮ್ಮೆನ್ನುವುದು, ಮೈಮೇಲೆ ದದ್ದು, ಇವು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಯಾರಿಗೂ ಹೇಳದೆ ಬಿಟ್ಟುಬಿಡುವುದು ಇದಕ್ಕೆ ಪರಿಹಾರವಲ್ಲ.

ರಮಝಾನಿನಲ್ಲಿ ಏನು ಮಾಡುವುದು ಎಂದು ಕೆಲವರು ಕೇಳುತ್ತಾರೆ. ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ನುಂಗುವ ಮಾತ್ರೆ ಇದು. ಇಫ್ತಾರಿನ ಬಳಿಕವೋ ಸಹ್ರಿಗೋ ನುಂಗಲು ಅವಕಾಶವಿದೆ. ಯಾವ ಹೊತ್ತು ಒಳ್ಳೆಯದೆಂದು ಡಾಕ್ಟರನ್ನು ಕೇಳಿ, ಅದೇ ಹೊತ್ತನ್ನು ಪಾಲಿಸಿ. ಉಪವಾಸದ ಹೆಸರಿನಲ್ಲಿ ಮಾತ್ರೆ ಬಿಡಬೇಡಿ.

ವಾರಕ್ಕೊಮ್ಮೆಯ ಮಾತ್ರೆ ಆರಂಭಿಸುವವರಿಗೆ ನನ್ನದೊಂದು ಸಲಹೆ. ಡಾಕ್ಟರು ಒಪ್ಪಿದರೆ ಶುಕ್ರವಾರವನ್ನೇ ಆರಿಸಿಕೊಳ್ಳಿ. ಈಗಿನ ನನ್ನ ಜಮಾಅತಿನಲ್ಲಿ ಕಳೆದ ವರ್ಷ ಒಂದು ಮನೆಯವರು ಹಾಗೆ ಮಾಡಿದರು. ಮನೆಯ ಯಜಮಾನರಿಗೆ ಕ್ಷಯ ಬಂದಿತ್ತು. ಅವರ ಹೆಂಡತಿ ಕ್ಯಾಲೆಂಡರಿನಲ್ಲಿ ಹನ್ನೆರಡು ಶುಕ್ರವಾರಗಳಿಗೆ ಪೆನ್ನಿನಿಂದ ಸುತ್ತು ಹಾಕಿದರು. ಜುಮಾ ಮುಗಿಸಿ ಗಂಡಸರು ಬರುತ್ತಿದ್ದಂತೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರುವುದು, ಊಟವಾದ ಮೇಲೆ ಬಿಸ್ಮಿ ಹೇಳಿ ಎಲ್ಲರೂ ಮಾತ್ರೆ ನುಂಗುವುದು. ಒಂಬತ್ತನೆಯ ವಾರ ದೊಡ್ಡ ಮಗ, "ನನಗೇನೂ ಆಗಿಲ್ಲ ಉಮ್ಮಾ, ಇನ್ನು ಸಾಕು" ಎಂದನಂತೆ. "ಇನ್ನು ಮೂರು ಜುಮಾ ಇದೆ, ಕುಳಿತುಕೋ" ಎಂದರಂತೆ ತಾಯಿ. ಹನ್ನೆರಡೂ ಮುಗಿದವು. ಅಲ್ಹಮ್ದುಲಿಲ್ಲಾಹ್, ಆ ಮನೆಯಲ್ಲಿ ಇಂದಿಗೂ ಬೇರೆ ಯಾರಿಗೂ ಕಾಯಿಲೆ ಬಂದಿಲ್ಲ.

ಪ್ರತಿಯೊಬ್ಬನೂ ತನ್ನ ಕೈಕೆಳಗಿನವರ ಬಗ್ಗೆ ಪ್ರಶ್ನಿಸಲ್ಪಡುವ ಕುರುಬನಿದ್ದಂತೆ ಎಂಬ ಅರ್ಥದ ಹದೀಸ್ ನಿಮಗೆ ಗೊತ್ತು. ಆ ತಾಯಿ ಅದನ್ನು ಬದುಕಿ ತೋರಿಸಿದರು. ನಮ್ಮ ಮಕ್ಕಳು ನಮ್ಮ ಆಸ್ತಿಯಲ್ಲ, ಅಮಾನತ್.

ಇಷ್ಟು ಮನೆಯವರ ಹೊಣೆ. ಇನ್ನು ಜಮಾಅತಿನ ಹೊಣೆ.

ಕ್ಷಯಕ್ಕೂ ಹಸಿವಿಗೂ ಹತ್ತಿರದ ನಂಟು. ಇದನ್ನು ಅಂಕಿಅಂಶಗಳೊಂದಿಗೆ ತೋರಿಸಿಕೊಟ್ಟವರಲ್ಲಿ ನಮ್ಮ ಕರ್ನಾಟಕದಲ್ಲೇ ದುಡಿಯುವ ವೈದ್ಯರಿದ್ದಾರೆ ಎಂಬುದು ಹೆಮ್ಮೆಯ ಮಾತು. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡಿನ ನಾಲ್ಕು ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳ ಮನೆಗಳಲ್ಲಿ ಅಧ್ಯಯನ ನಡೆಸಿತು. ಎಲ್ಲ ರೋಗಿಗಳಿಗೂ ಆಹಾರದ ಕಿಟ್ ಕೊಟ್ಟರು. ಅರ್ಧದಷ್ಟು ಮನೆಗಳಲ್ಲಿ ಮಾತ್ರ ಮನೆಯ ಉಳಿದವರಿಗೂ ತಲಾ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಕೊಟ್ಟರು. 2023ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಕ್ಕಿ ಬೇಳೆ ಸಿಕ್ಕ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಉಳಿದ ಮನೆಗಳಿಗಿಂತ ಶೇ. 39ರಷ್ಟು ಕಡಿಮೆಯಿತ್ತು. ಇತರರಿಗೆ ಹರಡಬಲ್ಲ ಬಗೆಯ ಕ್ಷಯವಂತೂ ಶೇ. 48ರಷ್ಟು ಕಡಿಮೆ.

ಯೋಚಿಸಿ. ಅಕ್ಕಿ ಮತ್ತು ಬೇಳೆ. ರಮಝಾನಿನಲ್ಲಿ ನಾವು ಕಟ್ಟುವ ಕಿಟ್‌ನಲ್ಲಿ ಇರುವುದೇ ಅದು. ವರ್ಷಕ್ಕೊಮ್ಮೆ ನೂರು ಮನೆಗೆ ಹಂಚುವ ಜಮಾಅತಿಗೆ, ಕ್ಷಯ ಬಂದ ಒಂದು ಮನೆಗೆ ಆರು ತಿಂಗಳು ತಿಂಗಳಿಗೊಂದು ಕಿಟ್ ಕೊಡುವುದು ಭಾರವೇ? ಆ ಮನೆಯವರು ಫಕೀರರೋ ಮಿಸ್ಕೀನರೋ ಆಗಿದ್ದರೆ ಝಕಾತಿನಿಂದಲೇ ಕೊಡಬಹುದು. ನೆರೆಯ ಮನೆಯವರು ಬೇರೆ ಧರ್ಮದವರಾದರೆ ಸದಖಾದಿಂದ ಕೊಡಿ. ಮನೆಯವರ ಹಸಿವಿಗೂ ಉಸಿರಿಗೂ ಧರ್ಮದ ಭೇದವಿಲ್ಲ. ಸರಕಾರವೂ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ರೋಗಿಯ ಬ್ಯಾಂಕ್ ಖಾತೆಗೆ ಚಿಕಿತ್ಸೆಯ ಅವಧಿಗೆ ಹಣ ಹಾಕುತ್ತದೆ. ಅದು ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1,000 ಆಗಿದೆ. ಎಷ್ಟೋ ಮನೆಗಳಿಗೆ ಇದು ಗೊತ್ತಿಲ್ಲ. ಖಾತೆ ಇಲ್ಲದವರಿಗೆ ಖಾತೆ ಮಾಡಿಸಿಕೊಡುವುದು, ಅರ್ಜಿ ತುಂಬಿಸಿಕೊಡುವುದು ನಮ್ಮ ಯುವಕರ ಕೆಲಸವಾಗಲಿ. ನಿಕ್ಷಯ್ ಮಿತ್ರ ಎಂದು ಹೆಸರು ನೋಂದಾಯಿಸಿಕೊಂಡು ರೋಗಿಗೆ ಆಹಾರ ಒದಗಿಸಲು ಯಾವ ಸಂಸ್ಥೆಗೂ ಅವಕಾಶವಿದೆ. ಕಿಟ್ ಕೊಡುವಾಗ ಫೋಟೋ ತೆಗೆಯಬೇಡಿ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂತೆ ಕೊಡುವವನ ಸ್ಥಾನ ಏನೆಂದು ನಮಗೆ ಕಲಿಸಲಾಗಿದೆ. ಇಲ್ಲಿ ಆ ಗುಟ್ಟು ರೋಗಿಯ ಮಾನವನ್ನೂ ಕಾಯುತ್ತದೆ.

ಮದ್ರಸದ ಉಸ್ತಾದರಿಗೂ ನನ್ನ ವಿನಂತಿ. ಮಗು ವಾರಗಟ್ಟಲೆ ಕೆಮ್ಮುತ್ತಿದ್ದರೆ, ಸೊರಗುತ್ತಿದ್ದರೆ ಹೆತ್ತವರಿಗೆ ಮೆಲ್ಲಗೆ ತಿಳಿಸಿ. ತರಗತಿಯ, ಮಸೀದಿಯ ಕಿಟಕಿಗಳನ್ನು ತೆರೆದಿಡಿ. ಸೀನುವಾಗ ಪ್ರವಾದಿವರ್ಯರು(ಸ) ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿಕೊಳ್ಳುತ್ತಿದ್ದ ಸುನ್ನತ್ತನ್ನು ಮಕ್ಕಳಿಗೆ ಕಲಿಸಿ. ನನ್ನಂತಹ ಖತೀಬರಿಗೂ ಒಂದು ಮಾತು: ಜನ ನಮ್ಮನ್ನು ನಂಬಿ ಮಾತ್ರೆ ಹಿಡಿದು ಬರುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು ಇಲ್ಮಿನ ಅರ್ಧ ಎಂದು ನಮ್ಮ ಗುರುಗಳು ಹೇಳುತ್ತಿದ್ದರು. ಅದರ ಬೆಲೆ ನನಗೆ ತಡವಾಗಿ ತಿಳಿಯಿತು.

ಒಂದು ಜೀವವನ್ನು ಉಳಿಸುವುದನ್ನು ಇಡೀ ಮಾನವಕುಲವನ್ನು ಉಳಿಸುವುದಕ್ಕೆ ಸಮವೆಂದು ಅಲ್-ಮಾಇದಾ ಅಧ್ಯಾಯದ 32ನೇ ಸೂಕ್ತ ಸಾರುತ್ತದೆ. ಮುಳುಗುವವನನ್ನು ಎತ್ತುವುದು, ರಕ್ತದಾನ ಮಾಡುವುದು ಎಂದಷ್ಟೇ ಅದನ್ನು ಅರ್ಥಮಾಡಿಕೊಳ್ಳಬಾರದು. ಆರೋಗ್ಯವಾಗಿ ಆಡುತ್ತಿರುವ ಮಗುವಿಗೆ ಹೇಳಿದ ದಿನ, ಹೇಳಿದಷ್ಟು ಮಾತ್ರೆ ನುಂಗಿಸುವುದೂ ಅದರಲ್ಲಿ ಸೇರುತ್ತದೆ.

ಆ ಹುಡುಗ ಈಗ ಮದ್ರಸಕ್ಕೆ ಹೋಗುತ್ತಾನೆ. ಕೇಳುವ ಕಿವಿ ಉಸ್ತಾದರ ಕಡೆಗಿರಲೆಂದು ಅವನನ್ನು ಮೊದಲ ಸಾಲಿನ ಎಡಬದಿಯಲ್ಲಿ ಕೂರಿಸುತ್ತಾರೆ. ಕಳೆದ ಈದ್‌ಗೆ ಆ ಊರಿಗೆ ಹೋದಾಗ ಓಡಿಬಂದು ನನಗೆ ಸಲಾಮ್ ಹೇಳಿದ. ನಾನು ಜವಾಬು ಹೇಳಿದ್ದು ಅವನಿಗೆ ಕೇಳಿಸಲಿಲ್ಲ, ಮತ್ತೊಮ್ಮೆ ಸಲಾಮ್ ಹೇಳಿದ. ನಾನು ಇನ್ನೊಂದು ಬದಿಗೆ ಬಾಗಿ ಜವಾಬು ಹೇಳಿದೆ.

ಯಾ ಅಲ್ಲಾಹ್, ತಿಳಿಯದೆ ಆಡಿದ ನನ್ನ ಮಾತನ್ನು ಕ್ಷಮಿಸು. ನಮ್ಮ ಮನೆಗಳಲ್ಲಿರುವ ರೋಗಿಗಳಿಗೆ ಪೂರ್ಣ ಶಿಫಾ ಕರುಣಿಸು. ಅವರ ಜೊತೆಗಿರುವ ಮಕ್ಕಳನ್ನು, ಹಿರಿಯರನ್ನು ಕಾಪಾಡು. ನೀನು ಕೊಟ್ಟ ಮದ್ದನ್ನು ಕೊನೆಯವರೆಗೂ ಸೇವಿಸುವ ಸಹನೆ ಕೊಡು. ಕಾಯಿಲೆ ಬಂದವರನ್ನು ಹೀನಾಯವಾಗಿ ಕಾಣದ ಹೃದಯ ಕೊಡು. ಆಮೀನ್.